ಗ್ಯಾರೇಜಿನ ವಿಂಚ್ ಅಡಾಪ್ಟರ್ ಮೇಲೆ ಓಡುತ್ತೆ ಅನ್ನುವವರ ಮಾತು ನಂಬಬೇಡಿ

ಮನೆಯ ಗ್ಯಾರೇಜಿಗೆ 12 ವೋಲ್ಟ್ ವಿಂಚ್, ಅಂದರೆ ಹಗ್ಗ ಸುತ್ತಿಕೊಂಡು ಭಾರ ಎಳೆಯುವ ಮೋಟಾರು, ಹಾಕಿಸುವ ಯೋಚನೆ ಇದೆಯಾ? ಹಾಗಿದ್ದರೆ ಅದಕ್ಕೆ ಕರೆಂಟ್ ಎಲ್ಲಿಂದ ಕೊಡುತ್ತೀರಿ ಅನ್ನೋದನ್ನು ಮೊದಲು ತೀರ್ಮಾನಿಸಿ. ಯಾವ ಕಂಪನಿಯದು, ಹಗ್ಗ ಸ್ಟೀಲಿನದೋ ಸಿಂಥೆಟಿಕ್ಕೋ ಅನ್ನುವುದೆಲ್ಲ ಆಮೇಲಿನ ಮಾತು. ನನಗೆ ಮಾರಿದ ವಿಂಚ್ ಬಟನ್ ಬಿಟ್ಟ ಮೇಲೂ ಎಳೆಯುತ್ತಲೇ ಇತ್ತು. ಗೋಡೆಯ ಸ್ವಿಚ್ ಆಫ್ ಮಾಡಿದರೂ ಎಳೆಯುತ್ತಲೇ ಇತ್ತು. ಯಾರಿಗೂ ಏಟಾಗಲಿಲ್ಲ, ಅಷ್ಟೇ ಸಮಾಧಾನ.

ಕೆಲಸ ದೊಡ್ಡದೇನಲ್ಲ. ಇಂಜಿನ್ ಇಳಿಸಿಟ್ಟಿದ್ದ ಹಳೆಯ ಕಾರನ್ನು ಸಣ್ಣ ಇಳಿಜಾರು ಹತ್ತಿಸಿ ಒಳಗೆ ಎಳೆದುಕೊಳ್ಳಬೇಕಿತ್ತು. ಮಾರಿದವರು 3,500 ಪೌಂಡಿನ, ಅಂದರೆ ಸುಮಾರು 1,600 ಕಿಲೋ ಎಳೆಯುವ ವಿಂಚ್ ಕೊಟ್ಟರು. ಜೊತೆಗೆ ಪ್ಲಗ್ಗಿಗೆ ಹಾಕುವ 12 ವೋಲ್ಟ್, 30 ಆಂಪಿಯರ್ ಅಡಾಪ್ಟರ್, ಅಂದರೆ ಮನೆಯ ಕರೆಂಟನ್ನು 12 ವೋಲ್ಟಿಗೆ ಇಳಿಸುವ ಎಸ್‌ಎಂಪಿಎಸ್. ಎರಡೂ ಸೇರಿ 'ಗ್ಯಾರೇಜ್ ಕಿಟ್' ಅಂತೆ. ಬ್ಯಾಟರಿ ಬೇಡವಾ ಅಂತ ಕೇಳಿದೆ. "12 ವೋಲ್ಟ್ ಅಂದ್ರೆ 12 ವೋಲ್ಟೇ, ಎಲ್ಲಿಂದ ಬಂದರೇನು" ಅಂದರು. ಅವರೇ ಕಳಿಸಿದ ಫಿಟ್ಟರ್ ಬಂದು ಗೋಡೆಗೆ ಬೋಲ್ಟ್ ಹೊಡೆದು ಕೂರಿಸಿ ಹೋದರು.

ಬರೀ ಹಗ್ಗ ಬಿಚ್ಚುವಾಗ, ಸುತ್ತುವಾಗ ವಿಂಚ್ ಚೆನ್ನಾಗಿಯೇ ಓಡಿತು. ಕಾರಿಗೆ ಕೊಕ್ಕೆ ಸಿಕ್ಕಿಸಿ ಬಟನ್ ಒತ್ತಿದರೆ ಮಾತ್ರ ಟಕ್ ಅಂದು ಸುಮ್ಮನಾಗುತ್ತಿತ್ತು. ಒಂದು ಕ್ಷಣ ಬಿಟ್ಟು ಮತ್ತೆ ಟಕ್. ಕಾರು ಒಂದಿಂಚೂ ಕದಲಲಿಲ್ಲ.

ಇದಕ್ಕೆ ಕಾರಣ ವೋಲ್ಟ್ ಅಲ್ಲ, ಆಂಪಿಯರ್. ಈ ಅಳತೆಯ ವಿಂಚ್ ಭಾರವಿಲ್ಲದೆ ತಿರುಗುವಾಗ ಹದಿನೈದಿಪ್ಪತ್ತು ಆಂಪಿಯರ್ ಎಳೆಯುತ್ತದೆ. ಪೂರ್ತಿ ಭಾರ ಬಿದ್ದರೆ 150 ದಾಟುತ್ತದೆ. ಜೀಪುಗಳ ಮುಂದೆ ಹಾಕುವ 9,500 ಪೌಂಡಿನ ವಿಂಚುಗಳಲ್ಲಿ ಅದು 400ರ ಹತ್ತಿರ ಹೋಗುವುದೂ ಉಂಟು. ಇನ್ನು ನಿಂತ ಮೋಟಾರು ಹೊರಡುವ ಆ ಮೊದಲ ಕ್ಷಣವಂತೂ ಬೇರೆಯೇ ಲೆಕ್ಕ. ಮೋಟಾರು ತಿರುಗುತ್ತಿದ್ದರೆ ಅದೇ ಒಂದು ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ತಡೆಯುತ್ತದೆ. ನಿಂತಿದ್ದಾಗ ಆ ತಡೆ ಇರುವುದಿಲ್ಲ, ಬರೀ ತಂತಿಯ ರೆಸಿಸ್ಟೆನ್ಸ್ ಅಷ್ಟೇ. 30 ಆಂಪಿಯರಿನ ಎಸ್‌ಎಂಪಿಎಸ್ ಇದನ್ನು ಓವರ್‌ಲೋಡ್ ಅಂತ ತಿಳಿದು ಔಟ್‌ಪುಟ್ ನಿಲ್ಲಿಸುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಟ್ಟು ನೋಡುತ್ತದೆ, ಮತ್ತೆ ನಿಲ್ಲಿಸುತ್ತದೆ. ನಮಗೆ ಕೇಳಿಸುತ್ತಿದ್ದ ಟಕ್ ಟಕ್ ಅದೇ. ಅಷ್ಟರಲ್ಲೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ನಿಜವಾದ ಅಪಾಯ ಬಂದಿದ್ದು ಅದಕ್ಕೆ ಮಾಡಿದ ರಿಪೇರಿಯಿಂದ.

ದೂರು ಕೊಟ್ಟೆವು. ಫಿಟ್ಟರ್ ಒಂದು ಹಳೆಯ ಬ್ಯಾಟರಿ ತಂದು ಮೂಲೆಯಲ್ಲಿ ಇಟ್ಟರು. ವಿಂಚಿನಿಂದ ಅದು ಐದು ಮೀಟರ್ ದೂರ. ಕೈಗೆ ಸಿಕ್ಕ 6 ಚದರ ಮಿಲಿಮೀಟರಿನ ವೈರಿನಲ್ಲಿ ಎಸ್‌ಎಂಪಿಎಸ್, ಬ್ಯಾಟರಿ, ವಿಂಚ್ ಮೂರನ್ನೂ ಒಟ್ಟಿಗೆ ಕಟ್ಟಿದರು. ಫ್ಯೂಸ್ ಇಲ್ಲ. ಬ್ಯಾಟರಿ ಬಿಡಿಸುವ ಸ್ವಿಚ್ ಇಲ್ಲ. "ಇದು ಬರೀ ಸಪೋರ್ಟಿಗೆ" ಅಂದರು.

ಅವರೆದುರೇ ಕಾರು ಹತ್ತತೊಡಗಿತು. ವರ್ಷಗಟ್ಟಲೆ ನಿಂತ ಕಾರಲ್ವಾ, ಹಿಂದಿನ ಬ್ರೇಕ್ ಹಿಡಿದುಕೊಂಡಿತ್ತು. ಹತ್ತಕ್ಕೆ ಒಂದರ ಇಳಿಜಾರಿನಲ್ಲಿ 1,000 ಕಿಲೋ ಕಾರಿಗೆ ಬರೀ 100 ಕಿಲೋ ಎಳೆತ ಸಾಕು. ಉಜ್ಜಿಕೊಂಡು ಬರುವ ಹಿಂದಿನ ಗಾಲಿಗಳು ಅದಕ್ಕೆ ಇನ್ನೂ ಇನ್ನೂರು ಮುನ್ನೂರು ಕಿಲೋ ಸೇರಿಸುತ್ತವೆ. ಅರ್ಧ ದಾರಿಯಲ್ಲಿ ವಿಂಚಿನ ಸದ್ದು ಇಳಿಯಿತು. ಸಾಲಿನಾಯ್ಡ್, ಅಂದರೆ ರಿಮೋಟಿನ ಬಟನ್ ಒತ್ತಿದಾಗ ಮೋಟಾರಿಗೆ ಕರೆಂಟ್ ಕೊಡುವ ಅಯಸ್ಕಾಂತದ ಸ್ವಿಚ್. ಅದರ ಡಬ್ಬಿಯಿಂದ ಟರ್ರ್ ಅಂತ ಒಂದೇ ಸಮ ಬಡಿತ ಶುರುವಾಯಿತು. ನಂತರ ಬಡಿತ ನಿಂತು ಎಳೆತ ಮುಂದುವರಿಯಿತು. ಸರಿಹೋಯಿತು ಅಂದುಕೊಂಡೆವು. ಕಾರು ಸಾಕಷ್ಟು ಒಳಗೆ ಬಂದಾಗ ಬಟನ್ ಬಿಟ್ಟರೆ ನಿಲ್ಲಲಿಲ್ಲ. ಹಗ್ಗ ಬಿಚ್ಚುವ ಔಟ್ ಬಟನ್ ಒತ್ತಿದರೂ ಉಪಯೋಗವಿಲ್ಲ. ಗೋಡೆಯ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತರೂ ಡ್ರಮ್ ತಿರುಗುತ್ತಲೇ ಇತ್ತು. ತಿರುಗದೇ ಏನು ಮಾಡೀತು, ಓಡಿಸುತ್ತಿದ್ದದ್ದು ಬ್ಯಾಟರಿ! ಹಗ್ಗ ಒಳಗೆ ಹೋಗುವ ಬಾಯಿಗೆ, ಅಂದರೆ ಫೇರ್‌ಲೀಡಿಗೆ, ಕೊಕ್ಕೆ ತಾಗಿ ಮೋಟಾರು ಸಿಕ್ಕಿಹಾಕಿಕೊಂಡಿತು. ವೈರಿನ ಮೇಲಿನ ಪ್ಲಾಸ್ಟಿಕ್ ಮೆತ್ತಗಾಗಿ ಹೊಗೆ ಬಂತು. ಗೋಡೆಯ ಒಂದು ಬೋಲ್ಟ್ ಪ್ಲಾಸ್ಟರ್ ಸಮೇತ ಎದ್ದಿತು. ಫಿಟ್ಟರ್ ಗ್ಲೌಸ್ ಹಾಕಿಕೊಂಡು ಬ್ಯಾಟರಿಯ ಕ್ಲಾಂಪ್ ಎಳೆದು ಕಿತ್ತರು. ದೊಡ್ಡ ಕಿಡಿ ಹಾರಿತು. ಚಾರ್ಜ್ ಆಗುವಾಗ ಲೆಡ್ ಆಸಿಡ್ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದು 4 ಶೇಕಡ ಸೇರಿದರೂ ಹೊತ್ತಿಕೊಳ್ಳಬಲ್ಲದು. ಆ ದಿನ ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದಿತ್ತು.

ಆಮೇಲೆ ಸಾಲಿನಾಯ್ಡ್ ಬಿಚ್ಚಿ ನೋಡಿದರೆ ಒಳಗಿನ ತಾಮ್ರದ ಕಾಂಟ್ಯಾಕ್ಟ್‌ಗಳು ಬೆಸುಗೆ ಹಾಕಿದಂತೆ ಅಂಟಿಕೊಂಡಿದ್ದವು. ಈ ಲೆಕ್ಕ ನೋಡಿ. ಐದು ಮೀಟರ್ ಹೋಗಿ ಐದು ಮೀಟರ್ ವಾಪಸ್, ಒಟ್ಟು ಹತ್ತು ಮೀಟರ್ ತಾಮ್ರ. 6 ಚದರ ಮಿಲಿಮೀಟರಿಗೆ ರೆಸಿಸ್ಟೆನ್ಸ್ 0.03 ಓಮ್‌ಗೆ ಒಂಚೂರು ಕಡಿಮೆ. 100 ಆಂಪಿಯರ್ ಹರಿದರೆ ವೈರಿನಲ್ಲೇ ಹತ್ತಿರ ಹತ್ತಿರ 3 ವೋಲ್ಟ್ ಹೋಯಿತು. ಅಂದರೆ 290 ವಾಟ್ ಬಿಸಿ, ವೈರಿನೊಳಗೇ. ಹಳೆಯ ಬ್ಯಾಟರಿ ಬೇರೆ, ಭಾರ ಬಿದ್ದರೆ ಅದೂ ಕುಸಿಯುತ್ತದೆ. ವಿಂಚಿನ ಹತ್ತಿರ 8 ವೋಲ್ಟ್ ಉಳಿದರೆ ಹೆಚ್ಚು. ಅಷ್ಟರಲ್ಲಿ ಸಾಲಿನಾಯ್ಡಿನ ಕಾಯಿಲ್‌ಗೆ ಕಾಂಟ್ಯಾಕ್ಟನ್ನು ಹಿಡಿದಿಡುವ ಬಲ ಇರುವುದಿಲ್ಲ. ಬಿಡುತ್ತದೆ. ಬಿಟ್ಟ ಕೂಡಲೇ ಭಾರ ತಪ್ಪಿ ವೋಲ್ಟೇಜ್ ಏರುತ್ತದೆ, ಮತ್ತೆ ಹಿಡಿಯುತ್ತದೆ. ಪ್ರತಿ ಸಲ ಬಿಟ್ಟು ಹಿಡಿಯುವಾಗಲೂ ಹತ್ತಾರು ಆಂಪಿಯರಿನ ಕಿಡಿ. ಕೊನೆಗೆ ಲೋಹ ಕರಗಿ ಅಂಟುತ್ತದೆ. ಅದಾದ ಮೇಲೆ ರಿಮೋಟು ಬರೀ ಆಟದ ಸಾಮಾನು.

ಹಾಗಾಗಿ ವಿಂಚಿನಿಂದ ಟರ್ರ್ ಅನ್ನುವ ಸದ್ದು ಕೇಳಿದ ತಕ್ಷಣ ಬಟನ್ ಬಿಡಿ. ಇನ್ನೊಂದು ಸಲ ಒತ್ತಿ ನೋಡೋಣ ಅನ್ನಬೇಡಿ.

ಮಾರಿದವರು ವಿಂಚಿನದೇ ದೋಷ ಅಂದರು, ಬೇರೆ ವಿಂಚ್ ಕೊಡುತ್ತೇವೆ ಅಂದರು. ವಿಂಚಿನ ತಪ್ಪೇನೂ ಇರಲಿಲ್ಲ. ಹೊಸ ಸಾಲಿನಾಯ್ಡ್ ಹಾಕಿದ ಮೇಲೆ ಅದೇ ಮೋಟಾರು ಇವತ್ತಿಗೂ ಓಡುತ್ತಿದೆ. ಬದಲಾಗಿದ್ದು ಕರೆಂಟ್ ಕೊಡುವ ದಾರಿ. ಇದನ್ನು ಮಾಡಿಕೊಟ್ಟವರು ಆಟೋ ಎಲೆಕ್ಟ್ರಿಷಿಯನ್ ಒಬ್ಬರು. ಬಂದವರೇ ಮೊದಲು ಕೇಳಿದ ಪ್ರಶ್ನೆ, "ಒಂದು ಸಲ ಎಳೆಯೋಕೆ ಎಷ್ಟು ಹೊತ್ತು ಬೇಕು?" ಎರಡು ನಿಮಿಷ ಅಂದೆ. ಹಾಗಾದರೆ 70 ಆಂಪಿಯರ್ ಎಳೆದರೂ ಬ್ಯಾಟರಿಯಿಂದ ಹೋಗುವುದು ಎರಡೂವರೆ ಆಂಪಿಯರ್-ಅವರ್‌ಗಿಂತ ಕಡಿಮೆ. 5 ಆಂಪಿಯರಿನ ಸಾಧಾರಣ ಚಾರ್ಜರ್ ಅದನ್ನು ಒಂದು ಗಂಟೆಯೊಳಗೆ ತುಂಬಿಸಿಬಿಡುತ್ತದೆ. ನೀರಿನ ಟ್ಯಾಂಕ್ ಇದ್ದಂತೆ, ಸಣ್ಣ ಪೈಪಿನಲ್ಲಿ ನಿಧಾನ ತುಂಬಲಿ, ಬೇಕಾದಾಗ ದೊಡ್ಡ ನಲ್ಲಿಯಲ್ಲಿ ಬಿಡೋಣ. ಗ್ಯಾರೇಜಿಗೆ ದೊಡ್ಡ ಪವರ್ ಸಪ್ಲೈ ಬೇಕಾಗೇ ಇಲ್ಲ. ಒಳ್ಳೆಯ ಬ್ಯಾಟರಿ ಬೇಕು, ಅಷ್ಟೇ.

ಈಗ ಕಾರು ಸ್ಟಾರ್ಟ್ ಮಾಡುವ ಬ್ಯಾಟರಿಯೇ ವಿಂಚಿನ ಪಕ್ಕ ಒಂದು ಮೀಟರಿನೊಳಗೆ ಇದೆ. ಕೇಬಲ್ 35 ಚದರ ಮಿಲಿಮೀಟರಿನದು, ತುದಿಗಳಿಗೆ ಸರಿಯಾಗಿ ಕ್ರಿಂಪ್ ಮಾಡಿದ, ಅಂದರೆ ಒತ್ತಿ ಕೂರಿಸಿದ, ಲೋಹದ ಲಗ್. ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ ಫ್ಯೂಸ್ ಇದೆ. ದೂರದಲ್ಲಿ ಹಾಕಿದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರಿಗೆ ಕಾವಲೇ ಇರುವುದಿಲ್ಲ. ಇದೆಲ್ಲಕ್ಕಿಂತ ಮುಖ್ಯ ಕೆಂಪು ಹಿಡಿಯ ಬ್ಯಾಟರಿ ಐಸೊಲೇಟರ್, ಅಂದರೆ ಬ್ಯಾಟರಿ ಬಿಡಿಸುವ ಸ್ವಿಚ್. ಅದನ್ನು ವಿಂಚಿನ ಹಿಂದೆ ಹಾಕಿಸಲಿಲ್ಲ. ನಾನು ರಿಮೋಟ್ ಹಿಡಿದು ನಿಲ್ಲುವ ಜಾಗದಲ್ಲಿ, ಹಗ್ಗದ ನೇರಕ್ಕೆ ಬಾರದ ಹಾಗೆ, ಕೈಗೆ ಎಟುಕುವಂತೆ ಹಾಕಿಸಿದೆ. ಇದಕ್ಕಾಗಿ ಕೇಬಲ್ ಸ್ವಲ್ಪ ಉದ್ದವಾಯಿತು. ಪರವಾಗಿಲ್ಲ, 35ರ ಕೇಬಲಿನಲ್ಲಿ ಹತ್ತು ಮೀಟರಿಗೂ 100 ಆಂಪಿಯರಿಗೆ ಅರ್ಧ ವೋಲ್ಟ್ ಮಾತ್ರ ಹೋಗುತ್ತದೆ. ಕೆಲಸ ಮುಗಿದ ಮೇಲೆ ಐಸೊಲೇಟರ್ ಆಫ್ ಆಗಿಯೇ ಇರುತ್ತದೆ.

ಇನ್ನೊಂದು ಸಲಹೆ ತುಂಬಾ ಜನ ಕೊಡುತ್ತಾರೆ: ಬ್ಯಾಟರಿ ಚಾರ್ಜರನ್ನೇ ನೇರವಾಗಿ ವಿಂಚಿಗೆ ಕೊಡಿ ಅಂತ. ಈಗಿನ ಸ್ಮಾರ್ಟ್ ಚಾರ್ಜರುಗಳಲ್ಲಿ ಹೆಚ್ಚಿನವು ಎದುರಿಗೆ ಬ್ಯಾಟರಿ ಕಾಣದಿದ್ದರೆ ಔಟ್‌ಪುಟ್ಟೇ ಕೊಡುವುದಿಲ್ಲ. ಕೊಡುವ ಹಳೆಯವೂ ಹತ್ತು ಹದಿನೈದು ಆಂಪಿಯರಿಗೆ ಸುಸ್ತು. ಜಂಪ್ ಸ್ಟಾರ್ಟರ್ ಡಬ್ಬಿಗಳು ನೂರಾರು ಆಂಪಿಯರ್ ಕೊಡುತ್ತವೆ ನಿಜ, ಆದರೆ ಕೆಲವೇ ಸೆಕೆಂಡು.

ಮಾರುವವರು "ಅಡಾಪ್ಟರ್ ಸಾಕು" ಅಂದರೆ ಒಂದೇ ಪ್ರಶ್ನೆ ಕೇಳಿ: ಪೂರ್ತಿ ಭಾರಕ್ಕೆ ಈ ವಿಂಚ್ ಎಷ್ಟು ಆಂಪಿಯರ್ ಎಳೆಯುತ್ತದೆ? ಮ್ಯಾನ್ಯುಯಲ್‌ನಲ್ಲಿ ಭಾರ, ವೇಗ, ಆಂಪಿಯರ್ ಮೂರೂ ಇರುವ ಒಂದು ಪಟ್ಟಿ ಇರುತ್ತದೆ. ಅದನ್ನು ತೋರಿಸಲಿ. ನಂತರ ಅಡಾಪ್ಟರಿನ ಮೇಲೆ ಬರೆದಿರುವ ಅಂಕೆ ನೋಡಿ. ನನಗೆ ಆ ಪಟ್ಟಿ ಸಿಕ್ಕಿದ್ದು ಡಬ್ಬಿಯ ತಳದಲ್ಲಿ, ಎಲ್ಲ ಆದ ಮೇಲೆ. ಫಿಟ್ಟರ್ ಅದನ್ನು ಬಿಚ್ಚಿಯೂ ಇರಲಿಲ್ಲ.

ಬ್ಯಾಟರಿಯ ತಲೆನೋವೇ ಬೇಡ ಅನ್ನುವವರಿಗೆ ಮನೆಯ ಕರೆಂಟಿನಲ್ಲೇ ನೇರ ಓಡುವ ಎಸಿ ವಿಂಚುಗಳು ಸಿಗುತ್ತವೆ. ಅದೇ ಪವರ್ 230 ವೋಲ್ಟಿನಲ್ಲಿ ಬಂದರೆ ಕೆಲವೇ ಆಂಪಿಯರ್ ಸಾಕು, ದಪ್ಪ ಕೇಬಲ್ ಬೇಡ. ಅರ್ಥಿಂಗ್ ಇರುವ ಪ್ಲಗ್ ಇರಬೇಕು. ಎಕ್ಸ್‌ಟೆನ್ಷನ್ ರೀಲ್ ಬಳಸಿದರೆ ವೈರನ್ನು ಪೂರ್ತಿ ಬಿಚ್ಚಿಯೇ ಹಾಕಿ, ಸುತ್ತಿದ್ದ ಹಾಗೇ ಬಿಟ್ಟರೆ ಒಳಗೆ ಬಿಸಿಯಾಗುತ್ತದೆ. ಯಾವುದನ್ನೇ ತಂದರೂ ಎಳೆಯಲು ಮಾಡಿದ ವಿಂಚಿನಲ್ಲಿ ಇಂಜಿನ್ ನೇತುಹಾಕಬೇಡಿ. ಎತ್ತಲು ಹಾಯ್ಸ್ಟ್ ಬೇರೆಯೇ ಇದೆ, ಅದರ ಬ್ರೇಕೂ ಬೇರೆ. ನನಗೆ ಮಾರಿದ ಕಿಟ್ಟಿನ ಡಬ್ಬಿಯ ಮೇಲೆ ಎರಡಕ್ಕೂ ಆಗುತ್ತೆ ಅಂತ ಚಿತ್ರ ಹಾಕಿದ್ದರು. ಒಳಗಿದ್ದ ಮ್ಯಾನ್ಯುಯಲ್‌ನಲ್ಲಿ ಎತ್ತಲು ಬಳಸಬಾರದು ಅಂತ ದಪ್ಪ ಅಕ್ಷರದಲ್ಲಿತ್ತು.