ಕೋಳಿ ಫೀಡ್‌ಗೆ ಕೋಂಡಾ (ಅಕ್ಕಿ ತವುಡು) ಬೆರೆಸುವ ಮುಂಚೆ ಇದನ್ನು ಓದಿ

ಪುಣೆ ಸುತ್ತಮುತ್ತ ಸಣ್ಣ ಬ್ರಾಯ್ಲರ್ ಶೆಡ್ ಇಟ್ಟುಕೊಂಡಿರುವ ನಮ್ಮ ಕನ್ನಡದ ಮಂದಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾವು ಇಂಡಿ ಕಡೆಯವರು. ಉರುಳಿ ಕಾಂಚನ ಹತ್ತಿರ 500 ಮರಿಗಳ ಶೆಡ್ ನಮ್ಮದು. ಹೋದ ಬ್ಯಾಚ್‌ನಲ್ಲಿ ಆದದ್ದು ನಿಮಗೆ ಆಗಬಾರದು.

ಮೆಕ್ಕೆಜೋಳದ ರೇಟು ಏರಿತ್ತು. ರೆಡಿ ಫೀಡ್ ಬಿಟ್ಟು ಮನೆಯಲ್ಲೇ ಮಿಕ್ಸ್ ಮಾಡೋಣ ಅಂತ ನಮ್ಮನೆಯವರು ಅಂದರು. ನಾನೂ ಹೂಂ ಅಂದೆ. ಫೀಡ್ ಅಂಗಡಿಯವನು ಮೆಕ್ಕೆಜೋಳ ಕಮ್ಮಿ ಮಾಡಿ ಕೋಂಡಾ ಹಾಕಿ ಅಂದ. ಆಗ ಮೆಕ್ಕೆಜೋಳಕ್ಕಿಂತ ಕೆಜಿಗೆ 10 ರೂಪಾಯಿ ಅಗ್ಗ ಇತ್ತು. 'ಇದರಲ್ಲೇ ಬೇಕಾದಷ್ಟು ಫಾಸ್ಫರಸ್ ಇದೆ ತಾಯಿ, ಡಿಸಿಪಿಗೆ ಯಾಕೆ ರೊಕ್ಕ ಹಾಕ್ತೀರಿ? ಮಾರ್ಬಲ್ ಪುಡಿ ಜಾಸ್ತಿ ಹಾಕಿ, ಮೂಳೆ ಗಟ್ಟಿ ಆಗ್ತದೆ' ಅಂತ ಮರಾಠಿಯಲ್ಲಿ ಹೇಳಿದ. ಡಿಸಿಪಿ ಅಂದರೆ ಡೈಕ್ಯಾಲ್ಸಿಯಂ ಫಾಸ್ಫೇಟ್, ಫಾಸ್ಫರಸ್‌ಗಾಗಿ ಫೀಡ್‌ಗೆ ಬೆರೆಸುವ ಪುಡಿ. ಮಾರ್ಬಲ್ ಪುಡಿಯಲ್ಲಿ ಇರುವುದು ಕ್ಯಾಲ್ಸಿಯಂ. ಅವನ ಮಾತು ನಂಬಿದೆವು. 100 ಕೆಜಿ ಫೀಡ್‌ಗೆ 25 ಕೆಜಿ ಕೋಂಡಾ ಹಾಕಿದೆವು. ಡಿಸಿಪಿ ಅರ್ಧ ಕೆಜಿಗೆ ಇಳಿಸಿದೆವು.

ಎರಡು ವಾರ ಏನೂ ಗೊತ್ತಾಗಲಿಲ್ಲ. ಮರಿಗಳು ತಿನ್ನುತ್ತಲೇ ಇದ್ದವು, ಮೊದಲಿಗಿಂತ ಜಾಸ್ತಿಯೇ. ಆದರೆ ತೂಕ ಮಾತ್ರ ಏರಲಿಲ್ಲ. ಹಿಂದಿನ ಬ್ಯಾಚ್‌ನಲ್ಲಿ 21ನೇ ದಿನಕ್ಕೆ ಸರಾಸರಿ 800 ಗ್ರಾಂ ಬಂದಿತ್ತು, ಈ ಸಲ 550 ದಾಟಲಿಲ್ಲ. ಅಷ್ಟರಲ್ಲಿ ಒಂದೊಂದೇ ಕೋಳಿ ಮೊಣಕಾಲು ಊರಿ ಕೂರತೊಡಗಿತು. ಕೂತಲ್ಲೇ ಕತ್ತು ಚಾಚಿ ಫೀಡರ್‌ಗೆ ಬಾಯಿ ಹಾಕುತ್ತಿದ್ದವು. ನೀರಿನ ತನಕ ಹೋಗಲಾರದೆ ರೆಕ್ಕೆ ಬಡಿದು ತೆವಳುತ್ತಿದ್ದವು. ಒಂದನ್ನು ಎತ್ತಿ ಕೊಕ್ಕು ಮುಟ್ಟಿದೆ. ಬೆರಳಲ್ಲಿ ಒತ್ತಿದರೆ ರಬ್ಬರ್ ಹಾಗೆ ಬಾಗಿತು. ಅದು ನೆನಪಾದರೆ ಈಗಲೂ ಹೊಟ್ಟೆ ಚುರ್ರ್ ಅನ್ನುತ್ತದೆ.

ಸತ್ತ ಎರಡು ಕೋಳಿ ತೆಗೆದುಕೊಂಡು ಪಶು ಡಾಕ್ಟರ್ ಹತ್ತಿರ ಹೋದೆವು. ಅವರು ಕಾಲಿನ ಮೂಳೆ ಹಿಡಿದು ಮುರಿಯಲು ನೋಡಿದರು. ಒಳ್ಳೆ ಮೂಳೆ ಆದರೆ ಪಟ್ ಅಂತ ಮುರಿಯಬೇಕು. ಇದು ಹಸಿ ಕಡ್ಡಿ ಹಾಗೆ ಬಗ್ಗಿತು. 'ರಿಕೆಟ್ಸ್' ಅಂದರು, ಮೂಳೆ ಮೆತ್ತಗಾಗುವ ರೋಗ. ಏನು ಹಾಕಿದ್ದೀರಿ ಅಂತ ಕೇಳಿ, ಎಲ್ಲಿ ಎಡವಿದ್ದೇವೆ ಅಂತ ಬಿಡಿಸಿ ಹೇಳಿದರು.

ಮೂಳೆ ಗಟ್ಟಿಯಾಗಲು ಫಾಸ್ಫರಸ್ಸೂ ಬೇಕು. ತವುಡಿನಲ್ಲಿ ಅದು ಇರುವುದು ನಿಜವೇ. ಆದರೆ ಅದರ ಮೂರರಲ್ಲಿ ಎರಡು ಪಾಲಿಗೂ ಜಾಸ್ತಿ ಫೈಟೇಟ್ ಅನ್ನುವ ರೂಪದಲ್ಲಿ ಬೀಗ ಹಾಕಿಕೊಂಡಿರುತ್ತದೆ. ಅದನ್ನು ಬಿಡಿಸುವ ಎಂಜೈಮ್ ಕೋಳಿಯ ಹೊಟ್ಟೆಯಲ್ಲಿ ಸಾಕಷ್ಟು ಇಲ್ಲ. ತಿಂದದ್ದು ಹಿಕ್ಕೆಯಲ್ಲಿ ಹೋಗುತ್ತದೆ. ಸಾಲದ್ದಕ್ಕೆ ಈ ಫೈಟೇಟ್ ಕ್ಯಾಲ್ಸಿಯಂ, ಜಿಂಕ್ ಎರಡನ್ನೂ ಹಿಡಿದುಕೊಳ್ಳುತ್ತದೆ. ನಮ್ಮ ಕೋಳಿಗಳ ಪುಕ್ಕ ಹರಿದ ಪೊರಕೆ ಹಾಗೆ ಆಗಿತ್ತು, ಜಿಂಕ್ ಸಾಲದೆಯೂ ಹಾಗೆ ಆಗುತ್ತದಂತೆ. ಮಾರ್ಬಲ್ ಪುಡಿ ಜಾಸ್ತಿ ಹಾಕಿದ್ದು ಇನ್ನೂ ಕೆಟ್ಟದ್ದಾಯಿತು. ಕೋಳಿಗೆ ದಕ್ಕುವ ಫಾಸ್ಫರಸ್ ಒಂದು ಪಾಲಿದ್ದರೆ ಕ್ಯಾಲ್ಸಿಯಂ ಸುಮಾರು ಎರಡು ಪಾಲು ಇರಬೇಕು. ಬರೀ ಕ್ಯಾಲ್ಸಿಯಂ ಸುರಿದರೆ ಇದ್ದಬದ್ದ ಫಾಸ್ಫರಸ್ಸೂ ಕೈ ತಪ್ಪುತ್ತದೆ.

ಕೋಂಡಾದಲ್ಲಿರುವ ನಾರಿನ ಮಾತು ಬೇರೆ. ನಾರೇ ವಿಷ ಅಂತ ತಿಳಿಯಬೇಡಿ. ಸ್ವಲ್ಪ ಒರಟು ನಾರಿದ್ದರೆ ಕಾಳು ಅರೆಯುವ ಹೊಟ್ಟೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಬ್ರಾಯ್ಲರ್ ಫೀಡ್‌ನಲ್ಲಿ ಒಟ್ಟು ನಾರು ಶೇ 5 ದಾಟಬಾರದು ಅಂತ ಡಾಕ್ಟರ್ ಹೇಳಿದರು. ನಾವು ತಂದದ್ದು ಶುದ್ಧ ತವುಡೂ ಅಲ್ಲ! ಮರಾಠಿಯಲ್ಲಿ ಕೋಂಡಾ ಅಂದರೆ ತವುಡೂ ಹೌದು, ಹೊಟ್ಟೂ ಹೌದು. ಭತ್ತದಿಂದ ಅಕ್ಕಿ ಮಾಡುವ ಹಳೇ ಹಲ್ಲರ್ ಗಿರಣಿಯಲ್ಲಿ ಎರಡೂ ಬೆರೆತೇ ಬರುತ್ತವೆ. ನಾವು ಕೇಳಿದ್ದು ತವುಡು, ಬಂದದ್ದು ಹೊಟ್ಟು ತುಂಬಿದ ಚೀಲ. ಹೊಟ್ಟು ಹೊಟ್ಟೆ ತುಂಬಿಸುತ್ತದೆ, ಮೈಗೆ ಹತ್ತುವುದಿಲ್ಲ.

ಡಿಸಿಪಿ, ಡಿ3 ವಿಟಮಿನ್, ಫೈಟೇಟ್ ಬಿಡಿಸುವ ಫೈಟೇಸ್ ಎಂಜೈಮ್ ಎಲ್ಲ ಕೊಟ್ಟೆವು. ಹಲವು ಎದ್ದು ನಿಂತವು. ಕಾಲು ಸೊಟ್ಟಗಾದವು ಸರಿಯಾಗಲಿಲ್ಲ. ಒಟ್ಟು 63 ಕೋಳಿ ಹೋದವು. ಉಳಿದವನ್ನು ವ್ಯಾಪಾರಿ ತೂಕ ಕಮ್ಮಿ ಅಂತ ಅರ್ಧ ರೇಟಿಗೆ ಒಯ್ದ. ಅಂಗಡಿಯವನನ್ನು ಕೇಳಿದರೆ 'ನಾನು ಬರೀ ಮಾರುವವನು' ಅಂದುಬಿಟ್ಟ.

ತವುಡು ಕೊಳ್ಳುವ ಮುಂಚೆ ಒಂದು ಹಿಡಿ ಅಂಗೈಯಲ್ಲಿ ತಿಕ್ಕಿ ನೋಡಿ. ಮೆತ್ತಗಿರಬೇಕು, ಚುಚ್ಚಿದರೆ ಹೊಟ್ಟಿದೆ ಅಂತ ಅರ್ಥ. ಒಂದು ಬಟ್ಟಲು ನೀರಿಗೆ ಹಾಕಿ ಕಲಕಿ, ಹೊಟ್ಟು ಮೇಲೆ ತೇಲುತ್ತದೆ. ಡಿಸಿಪಿಯ ಮೇಲೆ ಸ್ವಲ್ಪ ವಿನೆಗರ್ ಬಿಡಿ. ಬುಸ್ ಅಂತ ಜೋರಾಗಿ ನೊರೆ ಬಂದರೆ ಸುಣ್ಣದ ಕಲ್ಲಿನ ಪುಡಿ ಬೆರೆಸಿದ್ದಾರೆ ಅಂತ ಅನುಮಾನ ಪಡಿ. ಫೀಡ್ ಚೀಟಿಯಲ್ಲಿ ಒಟ್ಟು ಫಾಸ್ಫರಸ್ ನೋಡಿ ಸುಮ್ನೆ ಆಗಬೇಡಿ, ಕೋಳಿಗೆ ದಕ್ಕುವುದು ಎಷ್ಟು ಅಂತ ಕೇಳಿ.

ಈಗ ಹೊಸ ಬ್ಯಾಚ್‌ಗೆ 12 ದಿನ. ದಿನಾ ಬೆಳಿಗ್ಗೆ ಹತ್ತು ಮರಿ ಎತ್ತಿ ಕೊಕ್ಕು ಒತ್ತಿ ನೋಡುತ್ತೇನೆ. ಗಟ್ಟಿ ಇವೆ. ಉಳಿದ ಕೋಂಡಾ ಚೀಲ ತಿಪ್ಪೆಗೆ ಸುರಿದೆವು. ನಿಮ್ಮಲ್ಲಿ ಯಾರಾದರೂ ಈ ವಾರ ಅಗ್ಗಕ್ಕೆ ತಂದಿಟ್ಟಿದ್ದರೆ, ಮರಿಗಳಿಗೆ ಹಾಕುವ ಮುಂಚೆ ಚೀಲದ ತಳದಿಂದ ಒಂದು ಹಿಡಿ ತೆಗೆದು ನೀರಿಗೆ ಹಾಕಿ ನೋಡಿ.