ಲಡಾಖ್‌ನಲ್ಲಿ ಬಿಳಿ ಬೋರ್ಡಿನ ಬಾಡಿಗೆ ಕಾರು: ನನ್ನಂತೆ ಮೋಸಹೋಗಬೇಡಿ

ಲಡಾಖ್‌ನಲ್ಲಿ ತಾವೇ ಕಾರು ಓಡಿಸಿಕೊಂಡು ಸುತ್ತಬೇಕೆಂದಿರುವವರು ಇದನ್ನು ಓದಿದ ಮೇಲೆಯೇ ಮುಂಗಡ ಕಟ್ಟಿ. ಬರೆಯಲು ನಾಚಿಕೆಯಾಗುತ್ತಿದೆ, ಏಕೆಂದರೆ ನಾನು ಮೋಸಹೋದದ್ದಷ್ಟೇ ಅಲ್ಲ, ಮೋಸಗಾರ ಹೇಳಿಕೊಟ್ಟ ಸುಳ್ಳನ್ನು ಹೆಂಡತಿ ಮಗಳ ಎದುರೇ ಒಪ್ಪಿಸಿದೆ.

ಕಳೆದ ಜೂನ್‌ನಲ್ಲಿ ನಾವು ಮೂವರು ವಿಮಾನದಲ್ಲಿ ಲೇಹ್ ತಲುಪಿ, ಎರಡು ದಿನ ಸುಧಾರಿಸಿಕೊಂಡು, ಸಿಂಧೂ ನದಿಯ ಗುಂಟ ಉಪ್ಶಿ, ಚುಮಾಥಾಂಗ್, ಮಾಹೆ ದಾಟಿ ತ್ಸೊ ಮೊರಿರಿ ಸರೋವರಕ್ಕೂ ಅಲ್ಲಿಂದ ಹಾನ್ಲೆಗೂ ಹೋಗುವುದೆಂದು ನಿಶ್ಚಯಿಸಿದ್ದೆವು. ಹಾನ್ಲೆಯ ವೀಕ್ಷಣಾಲಯದ 2 ಮೀಟರ್ ಕನ್ನಡಿಯ ದೂರದರ್ಶಕವನ್ನು ನಮ್ಮ ಹೊಸಕೋಟೆಯಲ್ಲಿ ಕುಳಿತೇ ನಡೆಸುತ್ತಾರೆಂದು ತಿಳಿದಾಗಿನಿಂದ ಮಗಳಿಗೆ ಅದೊಂದೇ ಜಪ. ಬೆಂಗಳೂರಿನ ಏಜೆಂಟರೊಬ್ಬರು ಐದು ದಿನಕ್ಕೆ ₹32,500 ಬಾಡಿಗೆ, ₹10,000 ಠೇವಣಿ ಎಂದು ಪೂರ್ತಿ ಮೊದಲೇ ಕಟ್ಟಿಸಿಕೊಂಡರು. ಕನ್ನಡದವರು, ನಂಬಿದೆ.

ಹೋಟೆಲಿನ ಮುಂದೆ ಬಂದು ನಿಂತದ್ದು ಹಿಮಾಚಲದ ನೋಂದಣಿಯ ಬಿಳಿ ಬೋರ್ಡಿನ ಕಾರು, ಅಂದರೆ ಯಾರದೋ ಖಾಸಗಿ ಗಾಡಿ. ಫೋನ್ ಮಾಡಿ ಕೇಳಿದೆ. “ಸಾರ್, ಎಲ್ಲರೂ ಹೀಗೇ ಹೋಗೋದು. ಯಾರಾದ್ರೂ ಕೇಳಿದ್ರೆ ಫ್ರೆಂಡ್ ಗಾಡಿ ಅನ್ನಿ, ಅಷ್ಟೇ” ಎಂದರು. ಆ ‘ಅಷ್ಟೇ’ ಕೇಳಿದಾಗಲೇ ಕೀ ಹಿಂದಿರುಗಿಸಬೇಕಿತ್ತು. ಹಿಂದಿರುಗಿಸಲಿಲ್ಲ.

ಮೊದಲ ದಿನ ಚೆನ್ನಾಗಿಯೇ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಮಾಹೆ ಸೇತುವೆ ದಾಟಿ, ಸುಮ್ದೋದಲ್ಲಿ ಬಲಕ್ಕೆ ಹೊರಳಿ ಪುಗಾ ಕಣಿವೆಗೂ ಹೋಗಿಬಂದೆವು. ಒಂದು ಗರಿಕೆಯೂ ಇಲ್ಲದ ಕಂದು, ನೇರಳೆ ಬೆಟ್ಟಗಳ ಬುಡದಲ್ಲಿ ಹಸಿರು ಹುಲ್ಲುಗಾವಲು, ನಡುವೆ ಕೊತಕೊತ ಕುದಿಯುವ ನೀರು, ಗಂಧಕದ ವಾಸನೆ, ದೂರದಲ್ಲಿ ಮೇಯುತ್ತಿದ್ದ ಕಿಯಾಂಗ್ ಎಂಬ ಕಾಡುಕತ್ತೆಗಳು. ಸಂಜೆಯ ಹೊತ್ತಿಗೆ 4,522 ಮೀಟರ್ ಎತ್ತರದ ತ್ಸೊ ಮೊರಿರಿಯ ದಡದ ಕೊರ್ಜೊಕ್ ಸೇರಿದೆವು.

ಮರುದಿನ ಬೆಳಿಗ್ಗೆ ನೋಡಿದರೆ ನಾಲ್ವರು ಟ್ಯಾಕ್ಸಿ ಚಾಲಕರು ಕಾರಿನ ಮುಂದೆ ನಿಂತಿದ್ದರು. ಒಬ್ಬನು ಅಂಗೈಯಿಂದ ನಂಬರ್ ಪ್ಲೇಟಿನ ಕೆಸರು ಒರೆಸುತ್ತಿದ್ದನು. ಯಾರ ಗಾಡಿ ಎಂದರು. ಸ್ನೇಹಿತನದು ಎಂದೆ. ಸ್ನೇಹಿತನ ಹೆಸರೇನು ಎಂದರು. ಬಾಯಿಗೆ ಬಂದಂತೆ ‘ರಾಜು’ ಎಂದೆ. ಆರ್‌ಸಿ ತೋರಿಸಿ ಎಂದಾಗ ಹೆಂಡತಿ ಡ್ಯಾಶ್‌ಬೋರ್ಡಿನಿಂದ ಮಡಿಕೆ ಬಿದ್ದ ಝೆರಾಕ್ಸ್ ಪ್ರತಿಯೊಂದನ್ನು ತೆಗೆದು ಕೊಟ್ಟಳು. ಅದರಲ್ಲಿದ್ದದ್ದು ಒಬ್ಬ ಹೆಂಗಸಿನ ಹೆಸರು! ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ, ಅವರು ನಕ್ಕರು. ಮಗಳು ನಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

ಅವರ ಮೇಲೆ ನನಗೆ ಸಿಟ್ಟಿಲ್ಲ. ಬೇಸಿಗೆಯ ನಾಲ್ಕಾರು ತಿಂಗಳ ದುಡಿಮೆಯಲ್ಲಿ ವರ್ಷವಿಡೀ ಬದುಕುವವರು ಹೊರಗಿನ ಬಾಡಿಗೆ ಗಾಡಿಗಳನ್ನು ಬಿಡುವುದಿಲ್ಲವೆಂಬುದು ಅಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಏಜೆಂಟರಿಗಂತೂ ಚೆನ್ನಾಗಿ ಗೊತ್ತಿತ್ತು. ಕಾರನ್ನು ಅಲ್ಲೇ ಬಿಟ್ಟು, ₹14,000 ಕೊಟ್ಟು ಸ್ಥಳೀಯ ಟ್ಯಾಕ್ಸಿಯಲ್ಲಿ ಲೇಹ್‌ಗೆ ಮರಳಿದೆವು. ಹಾನ್ಲೆ ಹೋಯಿತು.

ರಾತ್ರಿ ಏಜೆಂಟರಿಗೆ ಕರೆ ಮಾಡಿದರೆ ಮೊದಲ ಮಾತೇ “ಹೆಸರು ಯಾಕೆ ಹೇಳೋಕೆ ಹೋದ್ರಿ ಸಾರ್?” ಎಂದು. ತಪ್ಪು ನನ್ನದು! ಉಳಿದ ದಿನಗಳ ಬಾಡಿಗೆ ಕೇಳಿದ್ದಕ್ಕೆ “ಸೀಸನ್ ಟೈಮು, ರಿಫಂಡ್ ಇಲ್ಲ” ಎಂದರು. ಠೇವಣಿ ಕೇಳಿದ್ದಕ್ಕೆ ಕೊರ್ಜೊಕ್‌ನಿಂದ ಗಾಡಿ ತರಿಸುವ ಖರ್ಚಿಗೆ ಅದು ಸರಿಹೋಯಿತಂತೆ. ಗಾಡಿ ಅವರದು, ಸುಳ್ಳು ಅವರದು, ಖರ್ಚು ಮಾತ್ರ ನನ್ನದು.

ಊರಿಗೆ ಬಂದ ಮೇಲೆ ವಿಮೆಯ ಕೆಲಸದಲ್ಲಿರುವ ಭಾವ ಹೇಳಿದ ಮಾತು ಕೇಳಿ ಮೈ ಜುಮ್ಮೆಂದಿತು: ಖಾಸಗಿ ಕಾರನ್ನು ಬಾಡಿಗೆಗೆ ಕೊಟ್ಟರೆ ಅದರ ವಿಮೆ ಆ ಓಡಾಟಕ್ಕೆ ಅನ್ವಯಿಸುವುದಿಲ್ಲ. ಸಿಂಧೂ ನದಿಯ ಅಂಚಿನ ತಿರುವುಗಳಲ್ಲಿ ಇಡೀ ದಿನ ನಾನು ಓಡಿಸಿದ್ದು ಅಂಥ ಕಾರನ್ನು.

ನೀವೇ ಓಡಿಸಬೇಕೆಂದಿದ್ದರೆ ನಿಮ್ಮ ಹೆಸರಿನಲ್ಲೇ ಆರ್‌ಸಿ ಇರುವ ಸ್ವಂತ ಕಾರು ಒಯ್ಯಿರಿ. ಇಲ್ಲವಾದರೆ ಲಡಾಖ್‌ನದೇ ಹಳದಿ ಬೋರ್ಡಿನ ಟ್ಯಾಕ್ಸಿ ಹಿಡಿಯಿರಿ. ಹಣ ಕಟ್ಟುವ ಮೊದಲು ಗಾಡಿಯ ಆರ್‌ಸಿ ಮತ್ತು ನಂಬರ್ ಪ್ಲೇಟಿನ ಫೋಟೋ ಕೇಳಿ. ‘ಎಲ್ಲರೂ ಹೀಗೇ ಹೋಗೋದು’ ಎಂಬ ಉತ್ತರ ಬಂದರೆ ಫೋನ್ ಇಟ್ಟುಬಿಡಿ.

ಏಜೆಂಟರಿಂದ ಬಂದ ಕೊನೆಯ ಸಂದೇಶ ಇದು: “ಮುಂದಿನ ವರ್ಷ ಸ್ಪಿತಿಗೆ ಹೋಗೋದಾದ್ರೆ ಹೇಳಿ ಸಾರ್, ಒಳ್ಳೇ ರೇಟ್ ಮಾಡಿಕೊಡ್ತೀನಿ.” ರಾಜುವಿನ ಗಾಡಿಯೇ ಇರಬೇಕು.