ಮಸ್ಟ್ಯಾಂಗ್ ಮಾರಿ ಡಾರ್ಟ್ ತಂದೆ: 9,000 ಡಾಲರ್‌ಗೆ ಒಂದು ಮಸಲ್ ಕಾರ್

ಮಸಲ್ ಕಾರ್ ಅಂದರೆ ಸಾಧಾರಣ ಗಾಡಿಗೆ ದೊಡ್ಡ ಎಂಜಿನ್ ಕೂರಿಸಿದ ಹಳೆ ಅಮೆರಿಕನ್ ಕಾರು. 9,000 ಡಾಲರೊಳಗೆ ಅಂಥದ್ದೊಂದು ಬೇಕಾದರೆ ಮಸ್ಟ್ಯಾಂಗ್, ನೋವಾ, ಡಾರ್ಟ್ ಮೂರರಲ್ಲಿ ಯಾವುದು? ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಡಾಡ್ಜ್ ಡಾರ್ಟ್‌ಗೆ. ಈಗ ನಮ್ಮ ಗ್ಯಾರೇಜಿನಲ್ಲಿ ನಿಂತಿರುವುದು 1973ರ ಡಾರ್ಟ್ ಸ್ವಿಂಗರ್. ಹಸಿರು ಬಣ್ಣ, ಎರಡು ಬಾಗಿಲು, 318 ವಿ8 ಎಂಜಿನ್ (ಎಂಟು ಸಿಲಿಂಡರ್, 318 ಘನ ಇಂಚು). ಅದಕ್ಕೂ ಮೊದಲು ಅದೇ ಜಾಗದಲ್ಲಿ ಹದಿನಾಲ್ಕು ತಿಂಗಳು 1966ರ ಫೋರ್ಡ್ ಮಸ್ಟ್ಯಾಂಗ್ ಇತ್ತು. ಅದನ್ನು ನಷ್ಟಕ್ಕೆ ಮಾರಿದೆ. ನಡುವೆ ಒಂದು ಬೇಸಿಗೆ ಪೂರ್ತಿ, ಹಾಸನದ ಕಡೆಯಿಂದ ಇಲ್ಲಿಗೆ ಬಂದ ಗೆಳೆಯನೊಬ್ಬನ 1970ರ ಷೆವಿ (ಷೆವ್ರೊಲೆ) ನೋವಾ ಕಟ್ಟುವುದಕ್ಕೆ ಪ್ರತಿ ಶನಿವಾರ ಕೈಜೋಡಿಸಿದ್ದೆ. ಮೂರು ಗಾಡಿಗಳ ಗ್ರೀಸೂ ನನ್ನ ಉಗುರಿಗೆ ಹತ್ತಿದೆ, ಅದಕ್ಕೇ ಬರೆಯುವ ಧೈರ್ಯ.

ನಾವಿರುವುದು ಮಿಷಿಗನ್ನಿನಲ್ಲಿ, ಡೆಟ್ರಾಯಿಟ್ ಪಕ್ಕ. ಈ ಕಾರುಗಳ ತವರು. ಇಲ್ಲಿ ವುಡ್‌ವರ್ಡ್ ಅವೆನ್ಯೂ ಅಂತ ಒಂದು ಅಗಲವಾದ ರಸ್ತೆ. 1995ರಲ್ಲಿ ಶುರುವಾದ, ಹಳೆ ಕಾರುಗಳ ಮೆರವಣಿಗೆಯಾದ ಡ್ರೀಮ್ ಕ್ರೂಸ್ ಆಗಸ್ಟ್ ತಿಂಗಳ ಮೂರನೇ ಶನಿವಾರ ಅಲ್ಲೇ ನಡೆಯುತ್ತದೆ. ಬಂದ ಹೊಸದರಲ್ಲಿ ಒಮ್ಮೆ ಸುಮ್ನೆ ನೋಡಲು ಹೋಗಿದ್ದೆ. ಸಿಗ್ನಲ್‌ನಲ್ಲಿ ನಿಂತ ಒಂದು ಹಳೆ ವಿ8 ಗಾಡಿಯ ಸದ್ದು, ಜಾತ್ರೆಯ ಡೊಳ್ಳಿನ ಹಾಗೆ, ಕಿವಿಗಿಂತ ಮೊದಲು ಎದೆಗೆ ಬಡಿಯಿತು. ಅಂದಿನಿಂದ ಹಿಡಿದ ಆಸೆ.

ಆಸೆಗೆ ಮಿತಿಯೂ ಬೇಕಲ್ವಾ. ಹೆಂಡತಿ ಜೊತೆ ಕೂತು ಲೆಕ್ಕ ಹಾಕಿ, ಗಾಡಿಯ ಬೆಲೆಯೂ ಸೇರಿ 9,000 ಡಾಲರ್ ದಾಟಬಾರದು ಅಂತ ತೀರ್ಮಾನಿಸಿದೆವು. ಒಂದು ಕಾರ್ ನಿಲ್ಲುವ ಗ್ಯಾರೇಜ್ ಇದೆ. ಮಕ್ಕಳು ಮಲಗಿದ ಮೇಲೆ ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಸಮಯ ಇದೆ. ಸ್ಪ್ಯಾನರ್ ಹಿಡಿಯುವುದು ಬರುತ್ತದೆ, ವೆಲ್ಡಿಂಗ್ ಬರುವುದಿಲ್ಲ. ಈ ಕೊನೆಯ ಮಾತು ನೆನಪಿಡಿ. ಮುಂದಿನ ಕತೆಯೆಲ್ಲ ಅದರ ಮೇಲೇ ನಿಂತಿದೆ.

ಇಷ್ಟು ದುಡ್ಡಿಗೆ ಚಾರ್ಜರ್, ಷೆವೆಲ್ ಎಸ್‌ಎಸ್, ಜಿಟಿಒ ಇಂಥ ಹೆಸರಾದ ಮಸಲ್ ಕಾರುಗಳ ಕಡೆ ತಿರುಗಿ ನೋಡುವ ಹಾಗಿಲ್ಲ. ಆದರೆ 1964ರಲ್ಲಿ ಪಾಂಟಿಯಾಕ್‌ನವರು ಮಾಡಿದ್ದೇನು? ಟೆಂಪೆಸ್ಟ್ ಅನ್ನುವ ಸಾಧಾರಣ ಗಾಡಿಗೆ ದೊಡ್ಡ ಗಾಡಿಯ 389 ಎಂಜಿನ್ ಕೂರಿಸಿ ಜಿಟಿಒ ಅಂತ ಕರೆದರು. ನಾವೂ ಅದೇ ದಾರಿ ಹಿಡಿಯಬಹುದು. ಹೆಸರಿಲ್ಲದ ತಮ್ಮನನ್ನು ಮನೆಗೆ ತಂದು, ಹೆಸರಿರುವ ಅಣ್ಣನ ಶಕ್ತಿ ಕೊಡುವುದು. ಆರು ಸಿಲಿಂಡರ್ ಮಸ್ಟ್ಯಾಂಗ್, ನೋವಾ, ಡಾರ್ಟ್ ಮೂರೂ ಅಂಥ ತಮ್ಮಂದಿರು.

ಮಸ್ಟ್ಯಾಂಗ್ ತಂದಿದ್ದಕ್ಕೆ ಕಾರಣ ಸ್ಪೇರ್ ಪಾರ್ಟ್ಸ್. 1966ರ ಒಂದೇ ವರ್ಷದ ಮಾಡೆಲ್ 6 ಲಕ್ಷಕ್ಕೂ ಜಾಸ್ತಿ ಮಾರಾಟವಾಗಿತ್ತು. ಅದಕ್ಕಾಗಿ ಇವತ್ತಿಗೂ ಬಾಗಿಲಿನ ಹಿಡಿಯಿಂದ ಹಿಡಿದು ನೆಲದ ತಗಡಿನವರೆಗೆ ಎಲ್ಲ ಹೊಸದಾಗಿ ತಯಾರಾಗುತ್ತದೆ. ರಾತ್ರಿ ಆರ್ಡರ್ ಮಾಡಿದರೆ ವಾರದೊಳಗೆ ಬಾಗಿಲಿಗೆ. ಈ ಒಂದು ವಿಷಯದಲ್ಲಿ ಮಸ್ಟ್ಯಾಂಗ್‌ಗೆ ಸಾಟಿಯಿಲ್ಲ. 4,200 ಡಾಲರ್ ಕೊಟ್ಟೆ. ಹೊಸ ಪೇಂಟ್ ಮಿಂಚುತ್ತಿತ್ತು, ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನಾನು ನೋಡಿದ್ದು ಇವೆರಡೇ.

ಏಪ್ರಿಲ್‌ನಲ್ಲಿ ಮೊದಲ ಜೋರು ಮಳೆ ಬಂತು. ಮಾರನೇ ದಿನ ಬಾಗಿಲು ತೆಗೆದರೆ ಒದ್ದೆ ಗೋಣಿಚೀಲದ ವಾಸನೆ. ಡ್ರೈವರ್ ಕಾಲಿನ ಹತ್ತಿರದ ಕಾರ್ಪೆಟ್ ಹಿಂಡಿದರೆ ನೀರು ಸುರಿಯಿತು. ಬಾಗಿಲಿನ ರಬ್ಬರ್ ಇರಬೇಕು ಅಂದುಕೊಂಡು ಹೊಸದು ಹಾಕಿದೆ. ಮತ್ತೆ ಮಳೆ, ಮತ್ತೆ ನೀರು. ಮುಂದಿನ ಗ್ಲಾಸಿನ ರಬ್ಬರ್ ಇರಬೇಕು ಅಂತ ಕೂಲಿ ಕೊಟ್ಟು ಅದನ್ನೂ ಬದಲಿಸಿದೆ. ಮತ್ತೆ ನೀರು.

ಕೊನೆಗೆ ಪಕ್ಕದ ಮನೆಯ ಹಿರಿಯರು ಬಂದು ನೋಡಿದರು. ಕಾರ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಗಿಡಕ್ಕೆ ನೀರು ಬಿಡುವ ಪೈಪ್ ತಂದು, ಬಾನೆಟ್ ಮುಗಿದು ಗ್ಲಾಸ್ ಶುರುವಾಗುವ ಕಡೆ ಇರುವ ಜಾಲರಿಯ ಮೇಲೆ ಹಿಡಿದರು. ನಾನು ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡ್ ಕೆಳಗೆ ಮಲಗಿದ್ದೆ. ಅರ್ಧ ನಿಮಿಷದಲ್ಲಿ ಮುಖದ ಮೇಲೆ ಕೆಂಪು ನೀರು ಬಿತ್ತು.

ಆ ಜಾಲರಿ ಇರುವ ಭಾಗಕ್ಕೆ ಕೌಲ್ ಅಂತಾರೆ. ಶುರುವಿನಿಂದ 1968ರವರೆಗಿನ ಮಸ್ಟ್ಯಾಂಗ್‌ಗಳ ದೊಡ್ಡ ರೋಗ ಇರುವುದು ಇಲ್ಲೇ. ಮೇಲೊಂದು ತಗಡು, ಕೆಳಗೊಂದು ತಗಡು, ನಡುವೆ ಟೊಳ್ಳು. ಜಾಲರಿಯಿಂದ ಇಳಿದ ಮಳೆನೀರು ಎರಡೂ ಪಕ್ಕಕ್ಕೆ ಹರಿದು ಹೊರಗೆ ಹೋಗಬೇಕು. ಕೆಳಗಿನ ತಗಡಿನಲ್ಲಿ, ಕಾರಿನೊಳಗೆ ಗಾಳಿ ಬರಲಿ ಅಂತ ಎರಡು ದೊಡ್ಡ ತೂತುಗಳಿವೆ. ನೀರು ಆ ತೂತಿಗೆ ಇಳಿಯದಿರಲಿ ಅಂತ ಸುತ್ತಲೂ ಬಾವಿಕಟ್ಟೆಯ ಹಾಗೆ ತಗಡಿನ ಕಟ್ಟೆ. ಐವತ್ತು ವರ್ಷದ ಎಲೆ, ಪೈನ್ ಮರದ ಸೂಜಿ, ಧೂಳು ಎಲ್ಲ ಒಳಗೆ ಬಿದ್ದು ಆ ಕಟ್ಟೆಯ ಬುಡದಲ್ಲಿ ಒದ್ದೆ ಗೊಬ್ಬರವಾಗಿ ಕೂರುತ್ತದೆ. ಕಟ್ಟೆ ತುಕ್ಕು ಹಿಡಿದು ಉದುರುತ್ತದೆ. ಆಮೇಲೆ ಮಳೆನೀರು ನೇರ ಕಾಲ ಮೇಲೆ.

ಸರಿಮಾಡಬೇಕಾದರೆ ಮೇಲಿನ ತಗಡು ಎಬ್ಬಿಸಬೇಕು. ಅದಕ್ಕೆ ಬೋಲ್ಟ್ ಇಲ್ಲ, ಎಲ್ಲ ಸ್ಪಾಟ್ ವೆಲ್ಡ್. ಬಾನೆಟ್, ಎರಡೂ ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು), ವೈಪರ್, ಗ್ಲಾಸ್ ಎಲ್ಲ ಬಿಚ್ಚಬೇಕು. ಆಮೇಲೆ ನೂರಕ್ಕೂ ಜಾಸ್ತಿ ವೆಲ್ಡ್ ಚುಕ್ಕೆಗಳನ್ನು ಹುಡುಕಿ ಒಂದೊಂದಾಗಿ ಕೊರೆಯಬೇಕು. ಹೊಸ ತಗಡು ಕೂರಿಸಿ ಮತ್ತೆ ಅಷ್ಟೇ ವೆಲ್ಡ್ ಮಾಡಬೇಕು. ತಗಡಿನ ಬೆಲೆ ಹೆಚ್ಚಲ್ಲ, ಕೂಲಿಯೇ ಎಲ್ಲ. ಒಂದು ಕಡೆ 3,500 ಡಾಲರ್ ಕೇಳಿದರು. ಇನ್ನೊಂದು ಕಡೆ 4,000, ಅದೂ ಬಿಚ್ಚಿದ ಮೇಲೆ ಬೇರೇನೂ ಸಿಗದಿದ್ದರೆ ಮಾತ್ರ. ಕೆಳಗಿನಿಂದ ಅಂಟಿಸುವ ಪ್ಲಾಸ್ಟಿಕ್ ಕಟ್ಟೆಯೂ ಸಿಗುತ್ತದೆ. ಅದನ್ನು ಹಾಕಿ ನೋಡಿದೆ. ಮೂರು ತಿಂಗಳು ತಡೆಯಿತು, ಆಮೇಲೆ ಹೀಟರ್ ಇರುವ ಇನ್ನೊಂದು ಪಕ್ಕದಿಂದ ಸೋರಲು ಶುರುವಾಯಿತು.

ಕಾರ್ಪೆಟ್ ಪೂರ್ತಿ ಎತ್ತಿದಾಗ ಇನ್ನೊಂದು ಸತ್ಯ ಕಂಡಿತು. ಹಿಂದೆ ಯಾರೋ ನೆಲದ ತೂತುಗಳ ಮೇಲೆ ತಗಡಿನ ತುಂಡು ರಿವಿಟ್ ಹೊಡೆದು, ಟಾರ್ ಬಳಿದು ಮುಚ್ಚಿದ್ದರು. ನಮ್ಮ ಕಡೆ ಗೆದ್ದಲು ಹಿಡಿದ ತೊಲೆಗೆ ಸುಣ್ಣ ಬಳಿದು ಮನೆ ಮಾರುತ್ತಾರಲ್ಲ, ಹಾಗೆ. ಮಿಷಿಗನ್ನಿನಲ್ಲಿ ಇದು ಅಪರೂಪವಲ್ಲ. ಚಳಿಗಾಲದಲ್ಲಿ ಹಿಮ ಕರಗಲು ರಸ್ತೆಗೆಲ್ಲ ಉಪ್ಪು ಎರಚುತ್ತಾರೆ. ಡೆಟ್ರಾಯಿಟ್ ನಗರದ ಕೆಳಗೆ, ಸುಮಾರು 1,200 ಅಡಿ ಆಳದಲ್ಲಿ, ದೊಡ್ಡ ಉಪ್ಪಿನ ಗಣಿಯೇ ಇದೆ. ಕಾರು ಹುಟ್ಟಿಸಿದ ಊರಿನ ಹೊಟ್ಟೆಯಲ್ಲೇ ಕಾರು ತಿನ್ನುವ ಉಪ್ಪೂ ಇದೆ ಅಂತ ಗೊತ್ತಾದ ದಿನ ನನಗೆ ತುಂಬ ಹೊತ್ತು ಬೇರೆ ಯೋಚನೆಯೇ ಬರಲಿಲ್ಲ.

ವಿ8 ಹಾಕುವ ಲೆಕ್ಕವೂ ಕೈ ಕೊಟ್ಟಿತು. ಆರು ಸಿಲಿಂಡರ್ ಮಸ್ಟ್ಯಾಂಗ್‌ನ ಚಕ್ರಕ್ಕೆ ನಾಲ್ಕೇ ನಟ್, ವಿ8 ಗಾಡಿಗೆ ಐದು. ಅಂದರೆ ಎಂಜಿನ್ ಜೊತೆಗೆ ಮುಂದಿನ ಸ್ಪಿಂಡಲ್, ಬ್ರೇಕ್, ಹಿಂದಿನ ಆಕ್ಸಲ್, ವೀಲ್ ಎಲ್ಲ ಬದಲಾಗಬೇಕು. ಎಂಜಿನ್ನಿಗೆ ಇಟ್ಟ ದುಡ್ಡು ಇವಕ್ಕೇ ಮುಗಿಯುತ್ತಿತ್ತು. ಆ ಹೊತ್ತಿಗೆ ಒಟ್ಟು 7,100 ಖರ್ಚಾಗಿತ್ತು. ಕೌಲ್ ವಿಷಯ, ನೆಲದ ವಿಷಯ ಎಲ್ಲ ಬಿಚ್ಚಿ ಹೇಳಿ 3,600ಕ್ಕೆ ಮಾರಿದೆ. ತಗೊಂಡವರು ವೆಲ್ಡಿಂಗ್ ಬಲ್ಲವರು. ಅವರ ಕೈಯಲ್ಲಿ ಅದು ಒಳ್ಳೆ ಗಾಡಿ ಆಗುತ್ತದೆ.

ಇನ್ನು ನೋವಾ. ಫೋನಿನಲ್ಲಿ ಅಮ್ಮನಿಗೆ ಹೆಸರು ಹೇಳಿದಾಗ "ನೋವಾ? ಯಾಕಪ್ಪಾ ಹಂಗಂತ ಇಟ್ಟಿದಾರೆ" ಅಂದಿದ್ದರು. ಕಟ್ಟುವಾಗ ಮಾತ್ರ ಮೂರರಲ್ಲೂ ಕಡಿಮೆ ನೋವು ಕೊಟ್ಟ ಗಾಡಿ ಇದೇ. ಷೆವಿಯ ಸ್ಮಾಲ್ ಬ್ಲಾಕ್ ವಿ8 1955ರಿಂದ ಬಂದಿದೆ. ಗುಜರಿಯಲ್ಲಿ ನಿಂತ ಯಾವುದೋ ಪಿಕಪ್ ಟ್ರಕ್ಕಿನ 350 ಎಂಜಿನ್ ತಂದು, ಮೌಂಟ್ ಮತ್ತು ರೇಡಿಯೇಟರ್ ಬದಲಿಸಿ, ಎರಡು ವಾರಾಂತ್ಯಗಳಲ್ಲಿ ಕೂರಿಸಿದೆವು. ಮುಂಭಾಗದ ಸಬ್‌ಫ್ರೇಮ್ (ಎಂಜಿನ್ ಹೊರುವ ಚೌಕಟ್ಟು) ಷೆವಿಯದೇ ಇನ್ನೊಂದು ಗಾಡಿಯಾದ 1967-69ರ ಕ್ಯಾಮರೋ ಜೊತೆ ಹಂಚಿಕೊಂಡ ವಿನ್ಯಾಸ, ಹಾಗಾಗಿ ಬ್ರೇಕ್, ಸಸ್ಪೆನ್ಷನ್ ಸಾಮಾನು ಬೇಕಾದಷ್ಟು. ಕಷ್ಟ ಕೊಟ್ಟಿದ್ದು ಒಂದೇ. ಸಬ್‌ಫ್ರೇಮ್ ಹಿಡಿದಿರುವ ಬೋಲ್ಟಿನ ನಟ್ ಬಾಡಿಯೊಳಗಿನ ಪಂಜರದಲ್ಲಿ ಕೂತಿರುತ್ತದೆ. ತುಕ್ಕು ಹಿಡಿದು ಅದೂ ಬೋಲ್ಟಿನ ಜೊತೆ ಗಿರಗಿರ ತಿರುಗತೊಡಗಿತು. ನೆಲ ಕತ್ತರಿಸಿ ಹಿಡಿಯಬೇಕಾಯಿತು.

ಹಾಗಾದರೆ ನೋವಾನೇ ಯಾಕೆ ತಗೊಳ್ಳಲಿಲ್ಲ? ಬೆಲೆ. ಇದು ಸುಲಭದ ಗಾಡಿ ಅಂತ ಎಲ್ಲರಿಗೂ ಗೊತ್ತು. ನಾನು ಹುಡುಕುವಾಗ, ತುಕ್ಕಿಲ್ಲದ ಎರಡು ಬಾಗಿಲಿನ ನೋವಾ 9,000ಕ್ಕೆ ಕಡಿಮೆ ಒಂದೂ ಸಿಗಲಿಲ್ಲ. ಗೆಳೆಯನಿಗೆ ಹಳೆ ಪರಿಚಯದಿಂದ ಸಿಕ್ಕಿತ್ತು. ನನ್ನ ಬಜೆಟ್ ಗಾಡಿಯ ಬಾಗಿಲಲ್ಲೇ ಮುಗಿಯುತ್ತಿತ್ತು. ನಾಲ್ಕು ಬಾಗಿಲಿನದು ಅಗ್ಗ, ನಿಮಗೆ ಒಪ್ಪಿಗೆಯಾದರೆ ಕಣ್ಣು ಮುಚ್ಚಿ ತಗೊಳ್ಳಿ.

ಮತ್ತೆ ದುಡ್ಡು ಕೂಡಿಸಲು ಒಂದೂವರೆ ವರ್ಷ ಹಿಡಿಯಿತು. ಈ ಸಲ ಎಂಜಿನ್ ಹುಡುಕಲಿಲ್ಲ, ತಗಡು ಹುಡುಕಿದೆ. ಮಳೆ ಕಡಿಮೆ ಇರುವ ನ್ಯೂ ಮೆಕ್ಸಿಕೋದಲ್ಲಿ ಈ ಡಾರ್ಟ್ ಸಿಕ್ಕಿತು. ಬಿಸಿಲಿಗೆ ಡ್ಯಾಶ್‌ಬೋರ್ಡ್ ಬಿರುಕು ಬಿಟ್ಟಿತ್ತು, ಸೀಟು ಹರಿದಿತ್ತು, ಪೇಂಟ್ ಸುಣ್ಣದ ಹಾಗೆ ಉದುರುತ್ತಿತ್ತು. ಕೆಳಗೆ ತೆವಳಿ ನೋಡಿದರೆ ಮಾತ್ರ ನೆಲದ ತಗಡಿನ ಮೇಲೆ ಕಾರ್ಖಾನೆಯ ಬಣ್ಣ ಇನ್ನೂ ಇತ್ತು! ಅಲ್ಲೇ ಅಡ್ವಾನ್ಸ್ ಕೊಟ್ಟೆ.

1973ರದ್ದೇ ಯಾಕೆ ಅಂದರೆ, ಆ ವರ್ಷ ಅಮೆರಿಕದ ಸರ್ಕಾರದ ಹೊಸ ನಿಯಮದಿಂದ ಮುಂದಿನ ಬಂಪರ್ ದಪ್ಪವಾಯಿತು. ನೋಡುವವರಿಗೆ ಅದು ಇಷ್ಟವಿಲ್ಲ, ಅದಕ್ಕೇ ಬೆಲೆ ಕಡಿಮೆ. ಆದರೆ ಅದೇ ವರ್ಷದಿಂದ ಎಲ್ಲ ಡಾರ್ಟ್‌ಗಳಿಗೂ ಎಲೆಕ್ಟ್ರಾನಿಕ್ ಇಗ್ನಿಷನ್ ಬಂತು, ಕಿಡಿ ಹುಟ್ಟಿಸುವ ಹಳೆ ಕಾಲದ ಪಾಯಿಂಟ್ ಉಜ್ಜುವ ಕೆಲಸವಿಲ್ಲ. ನನ್ನ ಗಾಡಿಗೆ ಮುಂದೆ ಡಿಸ್ಕ್ ಬ್ರೇಕೂ ಇದೆ. ಅದಕ್ಕಿಂತ ಹಳೆ ಡಾರ್ಟ್‌ಗಳ ಚಕ್ರದ ಐದು ನಟ್ 4 ಇಂಚಿನ ವೃತ್ತದಲ್ಲಿರುತ್ತವೆ, ಅದಕ್ಕೆ ವೀಲ್ ಹುಡುಕುವುದು ಕಷ್ಟ. ಡಿಸ್ಕ್ ಇರುವ 1973ರ ಗಾಡಿಗೆ ನಾಲ್ಕೂವರೆ ಇಂಚು, ಗುಜರಿಯಲ್ಲೂ ಸಿಗುತ್ತದೆ.

ದೋಷ ಇಲ್ಲವೇ? ಇದೆ. ಒಂದು ಸಂಜೆ ದಿನಸಿ ಅಂಗಡಿ ಮುಂದೆ ಕೀ ತಿರುಗಿಸಿದರೆ ಎಂಜಿನ್ ಹತ್ತಿಕೊಳ್ಳುತ್ತದೆ, ಕೀ ಬಿಟ್ಟ ಕೂಡಲೇ ಆರಿಹೋಗುತ್ತದೆ. ಹತ್ತು ಸಲವೂ ಹಾಗೇ. ಇದು ಡಾಡ್ಜ್ ಸೇರಿದ ಕ್ರೈಸ್ಲರ್ ಕಂಪನಿಯ ಗಾಡಿಗಳ ಹಳೆ ಕಾಯಿಲೆ. ಬಾನೆಟ್ ಒಳಗೆ ಗೋಡೆಗೆ ಹೊಡೆದ ಬಿಳಿ ಪಿಂಗಾಣಿಯ ತುಂಡು ಇರುತ್ತದೆ, ಅದೇ ಬ್ಯಾಲಸ್ಟ್ ರೆಸಿಸ್ಟರ್. ಸ್ಟಾರ್ಟ್ ಮಾಡುವಾಗ ಕರೆಂಟ್ ಅದನ್ನು ಬಿಟ್ಟು ಹೋಗುತ್ತದೆ, ಕೀ ಬಿಟ್ಟ ಮೇಲೆ ಅದರ ಮೂಲಕ ಹೋಗುತ್ತದೆ. ಅದು ಸುಟ್ಟಿದ್ದರೆ ಹೀಗೇ ಆಗುವುದು. ಹೊಸದಕ್ಕೆ 15 ಡಾಲರ್, ಒಂದು ಸ್ಕ್ರೂ, ಎರಡು ನಿಮಿಷ. ಈಗ ಗ್ಲೋವ್ ಬಾಕ್ಸಿನಲ್ಲಿ ಯಾವಾಗಲೂ ಒಂದು ಸ್ಪೇರ್ ಇದೆ. ಮಸ್ಟ್ಯಾಂಗ್‌ನ ದೋಷಕ್ಕೂ ಇದಕ್ಕೂ ಇರುವ ವ್ಯತ್ಯಾಸವೇ ಇದು. ಇದು ನನ್ನ ಸ್ಪ್ಯಾನರಿಗೆ ಸಿಗುವ ದೋಷ.

ಕರೆಂಟ್ ಅಳೆಯುವ ಆಮ್ಮೀಟರ್‌ನ ವೈರಿಂಗ್ ಕಡೆಗೂ ಗಮನ ಇರಲಿ. ಚಾರ್ಜಿಂಗ್ ಕರೆಂಟೆಲ್ಲ ಡ್ಯಾಶ್‌ಬೋರ್ಡಿನ ಮೀಟರ್ ತನಕ ಹೋಗಿ ಬರುತ್ತದೆ. ದಾರಿಯ ಕನೆಕ್ಟರ್ ಕಾದು ಕರಗಬಹುದು, ನಾನು ಬೈಪಾಸ್ ಮಾಡಿದೆ.

ಬಾಡಿಯ ಹೊಳೆಯುವ ಪಟ್ಟಿ, ಲೈಟಿನ ಗಾಜು ಇಂಥವು ಡಾರ್ಟ್‌ಗೆ ಸುಲಭಕ್ಕೆ ಸಿಗುವುದಿಲ್ಲ. ಇರುವುದನ್ನೇ ಜೋಪಾನ ಮಾಡಿ.

ಲೆಕ್ಕ ಇಷ್ಟು: ಗಾಡಿ 5,400, ಟ್ರಕ್ಕಿನಲ್ಲಿ ತರಿಸಿದ್ದು 1,250, ಸೆಕೆಂಡ್ ಹ್ಯಾಂಡ್ ನಾಲ್ಕು ಬ್ಯಾರೆಲ್ ಕಾರ್ಬ್ಯುರೇಟರ್ ಮತ್ತು ಅದರ ಅಲ್ಯೂಮಿನಿಯಂ ಮ್ಯಾನಿಫೋಲ್ಡ್ 350, ಎರಡು ಸೈಲೆನ್ಸರ್ 700, ಟೈರ್ 500, ಬ್ರೇಕ್ ಪೈಪು ಮತ್ತು ಸಿಲಿಂಡರುಗಳು 300, ಚಿಲ್ಲರೆ ಸಾಮಾನು 450. ಒಟ್ಟು 8,950. ಪೇಂಟ್ ಮಾಡಿಸಿಲ್ಲ, ಸದ್ಯ ಮಾಡಿಸುವುದೂ ಇಲ್ಲ.

ವೇಗ: ಗೆಳೆಯನ ನೋವಾ ಮುಂದೆ. ಪೆಟ್ರೋಲ್: ಮೂರೂ ಒಂದೇ, ಕುಡಿಯುತ್ತವೆ. ಹಿಂದಿನ ಸೀಟು: ಡಾರ್ಟ್, ಮಕ್ಕಳಿಬ್ಬರೂ ಕಾಲು ಚಾಚಿ ಕೂರುತ್ತಾರೆ. ಮಾರುವಾಗಿನ ಬೆಲೆ: ಮಸ್ಟ್ಯಾಂಗ್ ಹೆಸರಿಗೆ ಜಾಸ್ತಿ.

ನಿಮಗೆ ವೆಲ್ಡಿಂಗ್ ಬಂದರೆ, ಅಥವಾ ಬರುವ ಗೆಳೆಯ ಇದ್ದರೆ, ಮಸ್ಟ್ಯಾಂಗ್ ತಗೊಳ್ಳಿ. ಪಾರ್ಟ್ಸ್‌ಗೆ ಚಿಂತೆಯಿಲ್ಲ. 15,000 ಇಡಬಲ್ಲಿರಾದರೆ ನೋವಾ. ನನ್ನ ಹಾಗೆ ರಾತ್ರಿ ಎರಡು ಗಂಟೆ, ಒಂದು ಸ್ಪ್ಯಾನರ್ ಸೆಟ್ ಇಷ್ಟೇ ಇರುವವರಾದರೆ ಒಣ ಊರಿನ ಡಾರ್ಟ್. ಡಾರ್ಟ್‌ನಲ್ಲೂ ರೆಕ್ಸಿನ್ ಹೊದಿಸಿದ ಟಾಪ್ ಇದ್ದರೆ ಬಿಟ್ಟುಬಿಡಿ, ಅದರಡಿ ನೀರು ನಿಂತು ಹಿಂದಿನ ಗ್ಲಾಸಿನ ಮೂಲೆಗಳು ಕೊಳೆತಿರುತ್ತವೆ. ಯಾವುದನ್ನೇ ನೋಡಲು ಹೋದರೂ ಒಂದು ಅಯಸ್ಕಾಂತ ಒಯ್ಯಿರಿ. ಪುಟ್ಟಿ ಮೆತ್ತಿದ ಕಡೆ ಅದು ಹಿಡಿಯುವುದಿಲ್ಲ. ಎರಡು ಬಾಟಲಿ ನೀರೂ ಇರಲಿ, ಕೌಲ್ ಮೇಲೆ ಸುರಿದು ಕಾರ್ಪೆಟ್ ಮುಟ್ಟಿ ನೋಡಿ. ಮಾರುವವರು ಬೇಡ ಅಂದರೆ ವಾಪಸ್ ಬನ್ನಿ.

ಈ ಚಳಿಗಾಲಕ್ಕೆ ಉಳಿದಿರುವುದು ಹಿಂದಿನ ಸೀಟಿಗೆ ಭುಜದ ಮೇಲೂ ಬರುವ ಬೆಲ್ಟ್ ಕೂರಿಸುವ ಕೆಲಸ. ಈಗಿರುವುದು ಸೊಂಟದ ಪಟ್ಟಿ ಮಾತ್ರ. ಅದು ಮುಗಿಯುವ ತನಕ ಮಕ್ಕಳನ್ನು ನಮ್ಮ ಬಡಾವಣೆ ದಾಟಿ ಕರೆದುಕೊಂಡು ಹೋಗುವುದಿಲ್ಲ ಅಂತ ಹೆಂಡತಿಗೆ ಮಾತು ಕೊಟ್ಟಿದ್ದೇನೆ. ಆಗಸ್ಟ್ ಹೊತ್ತಿಗೆ ನಾಲ್ವರೂ ವುಡ್‌ವರ್ಡ್‌ಗೆ ಹೋಗಬೇಕು.